ಏಣಿ ಏರುವ ಮಗು, ಅಂಕ ಎಣಿಸುವ ಮನೆ

2024ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕದ ಐದನೆಯ ತರಗತಿಯ ಮಕ್ಕಳಿಗೆ ಒದಗಿದ ಪರಿಸ್ಥಿತಿ ಯಾವ ನಾಡಿನ ಮಕ್ಕಳಿಗೂ ಬೇಡ. ರಾಜ್ಯಕ್ಕೆಲ್ಲ ಒಂದೇ ಪ್ರಶ್ನಪತ್ರಿಕೆಯನ್ನು ಕಳುಹಿಸಿ ಅವರನ್ನು ಪರೀಕ್ಷಿಸಬೇಕೆಂದು ಸರ್ಕಾರ ನಿಶ್ಚಯಿಸಿತ್ತು. ಮಾರ್ಚ್ 6ರಂದು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಆ ಪರೀಕ್ಷೆಯನ್ನು ರದ್ದುಗೊಳಿಸಿತು. ಮರುದಿನವೇ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ನೀಡಿತು. 11ರಂದು ಪರೀಕ್ಷೆ ಆರಂಭವಾಯಿತು. 12ರಂದು ಸರ್ವೋಚ್ಚ ನ್ಯಾಯಾಲಯ ವಿಭಾಗೀಯ ಪೀಠದ ಆಜ್ಞೆಯನ್ನು ತೆಗೆದುಹಾಕಿತು. ಪರೀಕ್ಷೆ ನಡುವಿನಲ್ಲಿಯೇ ನಿಂತಿತು. 22ರಂದು ವಿಭಾಗೀಯ ಪೀಠ ವಿಚಾರಣೆಯನ್ನು ಮುಗಿಸಿ ಪರೀಕ್ಷೆ ನಡೆಯಲೆಂದಿತು. 25ರಿಂದ ಉಳಿದ ಪತ್ರಿಕೆಗಳು ನಡೆದುವು. ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯ ಮತ್ತೊಮ್ಮೆ ಮಧ್ಯೆ ಬಂದು ಫಲಿತಾಂಶವನ್ನೇ ತಡೆಹಿಡಿಯಿತು.

"ನಾಳೆ ಪರೀಕ್ಷೆ ಉಂಟೋ ಇಲ್ಲವೋ?" ಎಂದು ಹತ್ತು ವರ್ಷದ ಮಗು ಕೇಳಿದರೆ ತಾಯಿ ಏನೆಂದು ಹೇಳಿಯಾಳು? ತರಗತಿಯ ಮೇಷ್ಟರಿಗೇ ತಿಳಿಯದು. ಹಿಂದಿನ ವರ್ಷ, ಅಂದರೆ 2023ರ ಮಾರ್ಚಿಯಲ್ಲಿಯೂ ಇಂಥದೇ ಪ್ರಸಂಗ ನಡೆದಿತ್ತು. ಆಗಲೂ ಏಕಸದಸ್ಯ ಪೀಠ ಬೇಡವೆಂದಿತು, ವಿಭಾಗೀಯ ಪೀಠ ಆಗಲಿ ಎಂದಿತು, ಮಕ್ಕಳು 27ರಂದು ಪೆನ್ಸಿಲು ಹಿಡಿದು ಕುಳಿತರು.

ವ್ಯಾಜ್ಯದ ಎರಡು ಪಕ್ಷಗಳಲ್ಲಿಯೂ ಹುರುಳಿಲ್ಲದೆ ಇರಲಿಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 30ನೆಯ ಕಲಮಿನ ಪ್ರಕಾರ, ಎಂಟನೆಯ ತರಗತಿ ಮುಗಿಯುವ ತನಕ ಯಾವ ಮಗುವೂ ಬೋರ್ಡಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗಿಲ್ಲ. 2019ರಲ್ಲಿ ಆದ ತಿದ್ದುಪಡಿಯಾದರೋ ಐದನೆಯ ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ಕ್ರಮವಾದ ಪರೀಕ್ಷೆಗೆ ಅವಕಾಶ ಮಾಡಿಕೊಟ್ಟಿತು. ಇದು ಶಾಲೆಯ ಪರೀಕ್ಷೆಯೋ ಬೋರ್ಡಿನ ಪರೀಕ್ಷೆಯೋ ಎಂಬ ಸೂಕ್ಷ್ಮದ ಸುತ್ತ ವಕೀಲರ ವಾದ ನಡೆಯಿತು. ಕೊರೋನಾ ಕಾಲದಲ್ಲಿ ಬಾಗಿಲು ಮುಚ್ಚಿದ್ದ ಶಾಲೆಗಳಿಂದ ಮಕ್ಕಳು ಕಳೆದುಕೊಂಡದ್ದೆಷ್ಟೆಂದು ತಿಳಿಯಬೇಡವೆ ಎಂಬುದು ಸರ್ಕಾರದ ಮಾತು. ತಿಳಿಯಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಳೆಯ ಮಗುವೊಂದು ಏನನ್ನು ಕಲಿತಿದೆಯೆಂಬುದನ್ನು ತಿಳಿಯುವ ಬಗೆ ಯಾವುದು? ನ್ಯಾಯಾಲಯದ ಮುಂದೆ ಹೆಚ್ಚಾಗಿ ಬಾರದ ಈ ಪ್ರಶ್ನೆಯೇ ಮನೆಮನೆಯ ಪ್ರಶ್ನೆ.

'ಸ್ಟ್ಯಾಂಡರ್ಡು' ಎಂಬ ಮಾತಿನ ಹುಟ್ಟು

"ನಿಮ್ಮ ಹುಡುಗ ಎಷ್ಟನೇ ಸ್ಟ್ಯಾಂಡರ್ಡು?" ಎಂದು ನೆರೆಮನೆಯವರು ಕೇಳುವುದುಂಟು. ಈ ಮಾತು ಎಲ್ಲಿಂದ ಬಂದಿತೆಂದು ಯಾರೂ ಯೋಚಿಸುವುದಿಲ್ಲ. ಅದರ ಹಿಂದೆ ಒಂದು ಹಣದ ಲೆಕ್ಕವಿದೆ.

1862ರಲ್ಲಿ ಇಂಗ್ಲೆಂಡಿನ ಸರ್ಕಾರ ಶಾಲೆಗಳಿಗೆ ಕೊಡುವ ಸಹಾಯಧನದ ಬಗ್ಗೆ ಹೊಸ ನಿಯಮಾವಳಿಯನ್ನು ಜಾರಿಗೆ ತಂದಿತು. ರಾಬರ್ಟ್ ಲೋ ಎಂಬ ರಾಜಕಾರಣಿ ಇದರ ಕರ್ತೃ. ಆರು ವರ್ಷ ದಾಟಿದ ಪ್ರತಿಯೊಂದು ಮಗುವಿನ ಹಾಜರಿಗಾಗಿ ಶಾಲೆಗೆ 4 ಷಿಲಿಂಗು. ಇನ್ನು 8 ಷಿಲಿಂಗು ದೊರೆಯಬೇಕಾದರೆ ಮಗು ಇನ್ಸ್‌ಪೆಕ್ಟರರ ಮುಂದೆ ಓದು, ಬರಹ, ಲೆಕ್ಕ ಈ ಮೂರರಲ್ಲಿಯೂ ತೇರ್ಗಡೆಯಾಗಬೇಕು. ಒಂದರಲ್ಲಿ ತಪ್ಪಿದರೆ 2 ಷಿಲಿಂಗು 8 ಪೆನ್ನಿ ಖೋತಾ. ಯಾವ ಹಂತಕ್ಕೆ ಎಷ್ಟು ಬರಬೇಕೆಂದು ಆರು ದರ್ಜೆಗಳನ್ನು ಗೊತ್ತುಮಾಡಿದರು. ಅವುಗಳಿಗೆ ಸ್ಟ್ಯಾಂಡರ್ಡುಗಳೆಂದು ಹೆಸರಾಯಿತು. ಮದರಾಸು, ಮುಂಬಯಿ ಆಧಿಪತ್ಯಗಳಿಗೂ ಫಲಿತಾಂಶಕ್ಕೆ ತಕ್ಕ ಸಹಾಯಧನವೆಂಬ ಪದ್ಧತಿ ಬಂದಿತು. ಅಂದಿನ ದಿನ ಮಂಗಳೂರು, ಬಳ್ಳಾರಿಗಳು ಮದರಾಸಿಗೆ ಸೇರಿದ್ದುವು. ಧಾರವಾಡ, ಬೆಳಗಾವಿಗಳು ಮುಂಬಯಿಗೆ ಸೇರಿದ್ದುವು. ಆ ಸಹಾಯಧನ ಹೋಯಿತು. ಹೆಸರು ಮಾತ್ರ ಕನ್ನಡಿಗರ ನಾಲಗೆಯಲ್ಲಿ ಉಳಿಯಿತು.

ಆದದ್ದೇನು? ಶಾಲೆಯ ಅನ್ನ ಮಗುವಿನ ಉತ್ತರಕ್ಕೆ ಗಂಟುಬಿದ್ದ ಮೇಲೆ ಮೇಷ್ಟರು ಉತ್ತರವನ್ನೇ ಕಲಿಸಿದರು. ಪಾಠದ ಪುಸ್ತಕವನ್ನು ಮಕ್ಕಳು ಮೊದಲಿನಿಂದ ಕೊನೆಯ ತನಕ ಉರುಹೊಡೆದರು. ಚರಿತ್ರೆ, ಭೂಗೋಳಗಳಿಗೆ ಹಣವಿರಲಿಲ್ಲವಾದುದರಿಂದ ಅವು ಮೂಲೆಗೆ ಸರಿದುವು. ಕವಿಯೂ ವಿಮರ್ಶಕನೂ ಆದ ಮ್ಯಾಥ್ಯೂ ಆರ್ನಲ್ಡ್ ಹೊಟ್ಟೆಪಾಡಿಗಾಗಿ 35 ವರ್ಷ ಶಾಲಾ ಇನ್ಸ್‌ಪೆಕ್ಟರನಾಗಿದ್ದವನು. ಸ್ವಂತ ಕಣ್ಣುಗಳಿಂದ ಇದನ್ನೆಲ್ಲ ಕಂಡು, ಈ ಪದ್ಧತಿಯಿಂದ ಪಾಠ ಯಂತ್ರದ ಕೆಲಸವಾಗುತ್ತಿದೆಯೆಂದು ತನ್ನ ವರದಿಗಳಲ್ಲಿ ಎಡೆಬಿಡದೆ ಖಂಡಿಸಿದನು. ಆದರೂ ಶತಮಾನ ಮುಗಿಯುತ್ತ ಬರುವ ತನಕ ಅದು ತೊಲಗಲಿಲ್ಲ.

ಮಿಠಾಯಿಯ ಕಾಗದ ಬಿಚ್ಚುವ ಪರೀಕ್ಷೆ

ಇದಾದ ಕೆಲವೇ ವರ್ಷಗಳಲ್ಲಿ ಪ್ಯಾರಿಸಿನಲ್ಲಿ ಇನ್ನೊಂದು ಬಗೆಯ ಪರೀಕ್ಷೆ ಹುಟ್ಟಿತು. ಇಂದಿನ ಪ್ರಶ್ನಪತ್ರಿಕೆಗಳಿಗೆಲ್ಲ ಅದೇ ಮೂಲಪುರುಷ ಎಂದು ಹಲವರು ಭಾವಿಸಿದ್ದಾರೆ. ಅದರ ನಿಜವಾದ ಸ್ವರೂಪವನ್ನು ಕಂಡರೆ ಅವರಿಗೆ ಆಶ್ಚರ್ಯವಾದೀತು.

ಫ್ರಾನ್ಸಿನ ಶಾಲೆಗಳಲ್ಲಿ ಪಾಠ ಹಿಡಿಯಲಾರದ ಮಕ್ಕಳನ್ನು ಬೇರೆ ತರಗತಿಗಳಿಗೆ ಸೇರಿಸುವ ವಿಚಾರ 1904ರಲ್ಲಿ ಎದ್ದಿತು. ಯಾವ ಮಗುವನ್ನು ಸೇರಿಸಬೇಕು? ಮೇಷ್ಟರ ಮಾತೊಂದನ್ನೇ ನಂಬಿದರೆ, ತುಂಟನೂ ದಡ್ಡನ ಸಾಲಿಗೆ ಬಿದ್ದಾನು. ಆಲ್ಫ್ರೆಡ್ ಬಿನೆ ಎಂಬ ಮನೋವಿಜ್ಞಾನಿ ತನ್ನ ಸಹಾಯಕ ಸಿಮೋನನ ಜೊತೆಗೂಡಿ 1905ರಲ್ಲಿ 30 ಚಿಕ್ಕ ಕೆಲಸಗಳ ಒಂದು ಪಟ್ಟಿಯನ್ನು ತಯಾರಿಸಿದನು. ಉರಿಯುವ ಬೆಂಕಿಕಡ್ಡಿಯನ್ನು ಅತ್ತಿತ್ತ ಆಡಿಸಿದಾಗ ಮಗುವಿನ ಕಣ್ಣು ಅದನ್ನು ಹಿಂಬಾಲಿಸುವುದೋ? ಚಾಕೊಲೇಟಿಗೂ ಮರದ ತುಂಡಿಗೂ ಇರುವ ಭೇದ ತಿಳಿಯುವುದೋ? ಕಾಗದದಲ್ಲಿ ಸುತ್ತಿಕೊಟ್ಟ ಮಿಠಾಯಿಯನ್ನು ಬಿಚ್ಚಿ ತಿನ್ನುವುದೋ? ಎರಡು ತೂಕಗಳಲ್ಲಿ ಭಾರವಾದುದು ಯಾವುದೆಂದು ಕೈಯಲ್ಲಿ ಹಿಡಿದು ಹೇಳುವುದೋ? ಪರೀಕ್ಷಕ ಒಂದೊಂದು ಮಗುವಿನ ಎದುರಿಗೆ ಕುಳಿತು, ಸ್ನೇಹದಿಂದ ಮಾತನಾಡಿಸಿ ಇದನ್ನು ನಡೆಸಬೇಕು. ಮಗುವಿನ ಬುದ್ಧಿ ಇಷ್ಟೇ ಎಂದು ಶಾಶ್ವತವಾಗಿ ಹಣೆಪಟ್ಟಿ ಹಚ್ಚಕೂಡದೆಂದು ಬಿನೆ ಎಚ್ಚರಿಕೆ ಕೊಟ್ಟಿದ್ದನು. 1911ರಲ್ಲಿ ಅವನು ತೀರಿಕೊಂಡನು. ಪುಣ್ಯವಂತ, ಮುಂದಿನದನ್ನು ನೋಡಲಿಲ್ಲ.

ಅಮೆರಿಕದಲ್ಲಿ ಟರ್ಮನ್ ಎಂಬ ಪ್ರಾಧ್ಯಾಪಕ 1916ರಲ್ಲಿ ಇದನ್ನು ತಿದ್ದಿ ಬುದ್ಧಿಗೆ ಒಂದು ಸಂಖ್ಯೆ ಕೊಟ್ಟನು. 1917ರಲ್ಲಿ ಆ ದೇಶ ಮಹಾಯುದ್ಧಕ್ಕೆ ಇಳಿದಾಗ ಸೈನ್ಯಕ್ಕೆ ಸೇರಿದವರನ್ನು ಲಕ್ಷೋಪಲಕ್ಷವಾಗಿ ಪರೀಕ್ಷಿಸಬೇಕಾಯಿತು. ಒಬ್ಬೊಬ್ಬರ ಎದುರಿಗೆ ಕುಳಿತುಕೊಳ್ಳಲು ವ್ಯವಧಾನವೆಲ್ಲಿ? ಕಾಗದ, ಪೆನ್ಸಿಲು, ಗಡಿಯಾರ ಬಂದುವು. ಕೊಟ್ಟ ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಉಪಾಯವನ್ನು ಕ್ಯಾನ್ಸಸಿನ ಫ್ರೆಡರಿಕ್ ಕೆಲಿ ಆಗಲೇ ಓದಿನ ಪರೀಕ್ಷೆಗೆ ಬಳಸಿದ್ದನು. ಯುದ್ಧ ಮುಗಿದ ಮೇಲೆ ಸೈನಿಕರ ಪದ್ಧತಿ ಶಾಲೆಗೆ ಬಂದಿತು. ಮಿಠಾಯಿಯ ಕಾಗದ ಬಿಚ್ಚುತ್ತಿದ್ದ ಮಗುವಿನ ಕೈಗೆ ಪ್ರಶ್ನಪತ್ರಿಕೆ ಬಂದದ್ದು ಹೀಗೆ.

ಕನ್ನಡನಾಡಿಗೂ ಬಿನೆಯ ಪರೀಕ್ಷೆ ಬಂದಿತು. ಆದರೆ ಅದು ಹಳೆಯ, ಎದುರುಬದುರು ಕುಳಿತು ಮಾಡುವ ರೂಪದಲ್ಲಿ. ಡಾ. ವಿ. ವಿ. ಕಾಮತರು 1930ರ ದಶಕದಲ್ಲಿ ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 'ಮುಂಬಯಿ-ಕರ್ನಾಟಕ' ಆವೃತ್ತಿಯನ್ನು ಸಿದ್ಧಪಡಿಸಿದರು. ಫ್ರೆಂಚ್ ಮಗುವಿಗೆ ಪರಿಚಯವಿದ್ದ ವಸ್ತುಗಳು ಧಾರವಾಡದ ಮಗುವಿಗೆ ಪರಿಚಯವಿರಬೇಕಾಗಿಲ್ಲವೆಂಬ ಸಾಮಾನ್ಯ ವಿವೇಕವೇ ಆ ಕೆಲಸದ ತಳಹದಿ. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರು ಭಾರತದ ಮಾನಸಿಕ ಚಿಕಿತ್ಸಾಲಯಗಳಲ್ಲಿ ಬಹುಕಾಲ ಮನೆಮಾತಾಯಿತು.

ಹೆಗ್ಗಡದೇವನಕೋಟೆಯ ಏಣಿ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಾಡು ಹಬ್ಬಿದ ತಾಲ್ಲೂಕು. ಕಬಿನಿಯ ಜಲಾಶಯ ಅಲ್ಲಿದೆ. ನಾಗರಹೊಳೆ, ಬಂಡೀಪುರಗಳ ಅರಣ್ಯ ಅದರ ಅಂಚಿಗೆ ಹೊಂದಿಕೊಂಡಿದೆ. ಜೇನುಕುರುಬರ ಹಾಡಿಗಳೂ, ದೂರದೂರದ ಸಣ್ಣ ಹಳ್ಳಿಗಳೂ ಅಲ್ಲಿ ಹೆಚ್ಚು. ಇಂಥ ಕಡೆ ಶಾಲೆಯೆಂದರೆ ಒಂದೇ ಕೊಠಡಿ, ಒಬ್ಬರೇ ಮೇಷ್ಟರು, ಮೂರು ನಾಲ್ಕು ತರಗತಿಯ ಮಕ್ಕಳು. ಸುಗ್ಗಿಯೆಂದೋ, ತಮ್ಮನನ್ನು ನೋಡಿಕೊಳ್ಳಬೇಕೆಂದೋ ಮಗು ಹದಿನೈದು ದಿವಸ ಬಾರದಿದ್ದರೆ, ಮರಳಿ ಬರುವ ವೇಳೆಗೆ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ಆ ಮಗು ಮತ್ತೆ ಹಿಡಿದುಕೊಳ್ಳಲಾರದು. ವರ್ಷದ ಕೊನೆಯ ಪರೀಕ್ಷೆಯಲ್ಲಿ ನಪಾಸು. ಮರುವರ್ಷ ಶಾಲೆಯೇ ಬೇಡ.

1995ರಲ್ಲಿ ಈ ತಾಲ್ಲೂಕಿನ ಕೆಲವು ಉಪಾಧ್ಯಾಯರು ಆಂಧ್ರದ ಮದನಪಲ್ಲಿಯ ಬಳಿಯಿರುವ ಋಷಿವ್ಯಾಲಿಗೆ ಹೋಗಿಬಂದರು. ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರದವರು ಹಳ್ಳಿಯ ಚಿಕ್ಕ ಶಾಲೆಗಳಿಗಾಗಿ ಪಾಠವನ್ನೆಲ್ಲ ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು ಒಂದು ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದರು. ಅದನ್ನು ಕಂಡುಬಂದ ಕೋಟೆಯ ಉಪಾಧ್ಯಾಯರು ಯೂನಿಸೆಫ್ ಸಂಸ್ಥೆಯ ನೆರವಿನೊಂದಿಗೆ ಕನ್ನಡದಲ್ಲಿ ತಮ್ಮದೇ ಆದ ಪದ್ಧತಿಯನ್ನು ರೂಪಿಸಿದರು. ಅದೇ 'ನಲಿ-ಕಲಿ'. ಮುಂದೆ ಅದು ಬೇರೆ ತಾಲ್ಲೂಕುಗಳಿಗೆ ಹಬ್ಬಿ, 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತಾರವಾಯಿತು.

ಮಗುವಿನ ಕಲಿಕೆಯನ್ನು ಅಳೆಯುವ ವಿಚಾರದಲ್ಲಿ ಈ ಪದ್ಧತಿ ಮಾಡಿದ ಕೆಲಸ ನಗರದ ತಾಯ್ತಂದೆಯರಿಗೆ ಅಷ್ಟಾಗಿ ತಿಳಿಯದು. ನಲಿ-ಕಲಿಯ ಕೊಠಡಿಯಲ್ಲಿ ಮಕ್ಕಳು ತರಗತಿವಾರು ಸಾಲಾಗಿ ಕೂಡುವುದಿಲ್ಲ. ಗುಂಪುಗುಂಪಾಗಿ ನೆಲದ ಮೇಲೆ ಕೂಡುತ್ತಾರೆ. ಒಂದು ಗುಂಪಿಗೆ ಮೇಷ್ಟರ ಪೂರ್ಣ ನೆರವು; ಇನ್ನೊಂದಕ್ಕೆ ಭಾಗಶಃ ನೆರವು; ಮತ್ತೊಂದರಲ್ಲಿ ಗೆಳೆಯರೇ ಒಬ್ಬರಿಗೊಬ್ಬರು ಹೇಳಿಕೊಡಬೇಕು; ಕೊನೆಯದರಲ್ಲಿ ಮಗು ತಾನೇ ಕಲಿಯಬೇಕು. ಗೋಡೆಯ ಮೇಲೆ ಒಂದು ದೊಡ್ಡ ಏಣಿಯ ಚಿತ್ರ. ಅದರ ಮೆಟ್ಟಿಲುಗಳಲ್ಲಿ ಚಿತ್ರಸಂಕೇತಗಳು. ಅವೇ ಸಂಕೇತಗಳು ಕಾರ್ಡುಗಳ ಮೇಲೂ ಇರುತ್ತವೆ. ತಾನು ಯಾವ ಮೆಟ್ಟಿಲಿನ ಮೇಲಿರುವೆನೆಂದು ಮಗುವೇ ನೋಡಿಕೊಂಡು ಮುಂದಿನ ಕಾರ್ಡನ್ನು ತಾನೇ ಎತ್ತಿಕೊಂಡು ಬರುತ್ತದೆ. ಕೆಲವು ಮೆಟ್ಟಿಲುಗಳು ಕಲಿಯುವುದಕ್ಕೆ, ಕೆಲವು ಅಭ್ಯಾಸಕ್ಕೆ. ನಡುನಡುವೆ ಒಂದೊಂದು ಮೆಟ್ಟಿಲು ಮೌಲ್ಯಮಾಪನಕ್ಕೆ. ಅಲ್ಲಿ ಎಡವಿದ ಮಗುವಿಗೆ ಪರಿಹಾರದ ಕಾರ್ಡು. ದಾಟಿದ ಮಗುವಿಗೆ ಮುಂದಿನ ಮೈಲಿಗಲ್ಲು. ಪರೀಕ್ಷೆಯೆಂದು ಗಂಟೆ ಹೊಡೆಯುವುದಿಲ್ಲ, ಮಗುವಿಗೆ ಪರೀಕ್ಷೆಯಾಯಿತೆಂದೇ ಗೊತ್ತಾಗುವುದಿಲ್ಲ. ಹದಿನೈದು ದಿವಸ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ.

ಅಕ್ಷರ ಕಲಿಸುವ ಕ್ರಮವನ್ನೂ ಇಲ್ಲಿ ಹೇಳಬೇಕು. ಹಳೆಯ ಮಠದಲ್ಲಿ ಮರಳಿನ ಮೇಲೆ 'ಅ ಆ ಇ ಈ' ತಿದ್ದಿದವರಿಗೆ ಇದು ಮೊದಲು ವಿಪರೀತವೆನಿಸೀತು. ನಲಿ-ಕಲಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಬರೆಯಲು ಸುಲಭ, ಆಕಾರದಲ್ಲಿ ಒಂದಕ್ಕೊಂದು ಹತ್ತಿರ. ಅದಕ್ಕಿಂತ ಮುಖ್ಯವಾಗಿ, ಈ ಐದು ಅಕ್ಷರ ಬಂದ ಕೂಡಲೇ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ಇಡೀ ವರ್ಣಮಾಲೆಯನ್ನು ರಾಗವಾಗಿ ಒಪ್ಪಿಸುವ ಮಗುವಿಗೆ 'ಗರಗಸ' ಎಂದು ಬರೆದು ತೋರಿಸಿದರೆ ಓದಲಾಗದೆ ಹೋಗುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಒಪ್ಪಿಸುವುದು ಬೇರೆ, ಓದುವುದು ಬೇರೆ. 'ಅ'ದಿಂದ 'ಳ'ದವರೆಗೆ ಬರೆ ಎಂಬ ಪ್ರಶ್ನೆಗೆ ಪೂರ್ಣ ಅಂಕ ಪಡೆದ ಮಗು ಓದಬಲ್ಲದೆಂದು ನಂಬಿದ ತಾಯ್ತಂದೆಯರು ಮೋಸಹೋಗುವುದು ಇಲ್ಲಿಯೇ.

ಎಲ್ಲವೂ ಹೂವಿನ ಹಾಸಿಗೆಯಾಗಿತ್ತೆಂದು ತಿಳಿಯಬಾರದು. ಕಾರ್ಡುಗಳು ಹರಿದುಹೋಗುತ್ತವೆ, ಕಳೆದುಹೋಗುತ್ತವೆ. ಮಕ್ಕಳು ಹೆಚ್ಚಾಗಿ ಮೇಷ್ಟರು ಒಬ್ಬರೇ ಆದಲ್ಲಿ ಏಣಿ ಗೋಡೆಯ ಅಲಂಕಾರವಾಗಿಬಿಡುತ್ತದೆ. ಪ್ರತಿ ಮಗುವಿನ ಪ್ರಗತಿಯನ್ನು ಬರೆದಿಡುವ ಕೆಲಸ ಪಾಠದ ಹೊತ್ತನ್ನು ನುಂಗುತ್ತದೆಂಬ ದೂರು ಉಪಾಧ್ಯಾಯರದು. ಇನ್ನು ತಾಯ್ತಂದೆಯರ ದೂರು: "ಮಗು ಬರೀ ಆಡಿಕೊಂಡು ಬರುತ್ತದೆ. ಪುಸ್ತಕವಿಲ್ಲ, ಮನೆಗೆಲಸವಿಲ್ಲ, ಅಂಕವಿಲ್ಲ. ಕಾನ್ವೆಂಟಿಗೆ ಹೋಗುವ ಪಕ್ಕದ ಮನೆಯ ಹುಡುಗಿ ಆಗಲೇ ಟೆಸ್ಟು ಬರೆಯುತ್ತಿದ್ದಾಳೆ." ನಲಿ-ಕಲಿಯ ಏಣಿಗೆ ಎಲ್ಲಕ್ಕಿಂತ ದೊಡ್ಡ ಪೈಪೋಟಿ ಈ ಪಕ್ಕದ ಮನೆಯ ಹುಡುಗಿಯದೇ.

ಎರಡು ಲೋಟ ನೀರು

ಕೈಯಿಂದ ಮಾಡಿಸಿ ನೋಡುವ ಪರೀಕ್ಷೆಯೆಂದರೆ ಏನೆಂಬುದನ್ನು ವಾಚಕರು ತಮ್ಮ ಅಡಿಗೆಮನೆಯಲ್ಲಿಯೇ ಕಂಡುಕೊಳ್ಳಬಹುದು. ಐದು ವರ್ಷದ ಮಗುವಿನ ಮುಂದೆ ಒಂದೇ ಅಳತೆಯ ಎರಡು ಲೋಟಗಳನ್ನಿಟ್ಟು ಸಮನಾಗಿ ನೀರು ತುಂಬಬೇಕು. ಎರಡರಲ್ಲಿಯೂ ಒಂದೇ ಸಮವಾಗಿದೆಯೆಂದು ಮಗು ಒಪ್ಪಿದ ಮೇಲೆ, ಒಂದು ಲೋಟದ ನೀರನ್ನು ಅದರ ಕಣ್ಣೆದುರಿಗೇ ಎತ್ತರವಾದ ಸಣ್ಣ ಗಾಜಿನ ಪಾತ್ರೆಗೆ ಸುರಿಯಬೇಕು. "ಈಗ ಯಾವುದರಲ್ಲಿ ಹೆಚ್ಚು?" ಎಂದು ಕೇಳಿದರೆ, ಆ ವಯಸ್ಸಿನ ಬಹುಪಾಲು ಮಕ್ಕಳು ಎತ್ತರದ ಪಾತ್ರೆಯನ್ನು ತೋರಿಸುತ್ತಾರೆ. "ಏಕೆ?" ಎಂದರೆ, "ನೀರು ಮೇಲಕ್ಕೆ ಬಂದಿದೆಯಲ್ಲ!" ಎನ್ನುತ್ತಾರೆ. ಏಳು ವರ್ಷದ ಸುಮಾರಿಗೆ ಅದೇ ಮಗು, "ಅದೇ ನೀರು ತಾನೇ?" ಎಂದು ದೊಡ್ಡವರನ್ನೇ ಗದರಿಸುತ್ತದೆ. ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಇಂಥ ಪ್ರಯೋಗಗಳಿಂದಲೇ ಜಗತ್ಪ್ರಸಿದ್ಧನಾದನು. ಚಿಕ್ಕವಯಸ್ಸಿನಲ್ಲಿ ಬಿನೆಯ ಸಹಾಯಕ ಸಿಮೋನನಿಗಾಗಿ ಪ್ಯಾರಿಸಿನ ಮಕ್ಕಳನ್ನು ಪರೀಕ್ಷಿಸುತ್ತಿದ್ದಾಗ, ಮಕ್ಕಳ ಸರಿಯುತ್ತರಗಳಿಗಿಂತ ತಪ್ಪುಗಳೇ ಹೆಚ್ಚು ಸ್ವಾರಸ್ಯವೆಂದು ಅವನಿಗೆ ಕಂಡಿತ್ತು.

(ಮಗು ತಪ್ಪು ಹೇಳಿತೆಂದು ತಿದ್ದಲು ಹೊರಡಬಾರದು. ಗದರಿಸಿದರೆ ಅದು "ಸಮ" ಎಂದು ಹೇಳಲು ಕಲಿಯುತ್ತದೆ, ಅಷ್ಟೇ.)

ಪ್ರಶ್ನಪತ್ರಿಕೆಗೆ ಈ 'ಏಕೆ' ಸಿಕ್ಕುವುದಿಲ್ಲ. 42ರಿಂದ 17ನ್ನು ಕಳೆ ಎಂಬ ಲೆಕ್ಕಕ್ಕೆ ಒಂದು ಮಗು 35 ಎಂದು ಬರೆಯಿತು, ಇನ್ನೊಂದು 59 ಎಂದು ಬರೆಯಿತೆನ್ನಿ. ಇಬ್ಬರಿಗೂ ಸೊನ್ನೆ. ಆದರೆ ಮೊದಲನೆಯ ಮಗು ಎರಡರಿಂದ ಏಳು ಹೋಗದೆಂದು ಏಳರಿಂದಲೇ ಎರಡನ್ನು ಕಳೆದಿದೆ. ಹತ್ತನ್ನು ಬಿಡಿಸಿ ತರುವುದು ಅದಕ್ಕೆ ತಿಳಿಯದು. ಎರಡನೆಯದು ಚಿಹ್ನೆಯನ್ನು ಗಮನಿಸದೆ ಕೂಡಿಬಿಟ್ಟಿದೆ. ಮೊದಲನೆಯದಕ್ಕೆ ಹುಣಿಸೆಬೀಜದ ಹತ್ತರ ಗುಂಪುಗಳನ್ನು ಕೊಟ್ಟು ಒಂದು ವಾರ ಕುಳ್ಳಿರಿಸಬೇಕು. ಎರಡನೆಯದಕ್ಕೆ "ಗುರುತು ನೋಡು ಮರಿ" ಎಂದರೆ ಸಾಕು. ಕೆಂಪು ಶಾಯಿಯ ಸೊನ್ನೆ ಇಬ್ಬರಿಗೂ ಒಂದೇ ಮದ್ದನ್ನು ಬರೆಯುತ್ತದೆ.

ಮೇಡಂ ಮಾಂಟೆಸೊರಿಯವರ ಮರದ ಸಾಮಾನುಗಳನ್ನು ಕಂಡವರಿಗೆ ಈ ಮಾತು ಬೇಗ ತಿಳಿಯುತ್ತದೆ. ಹತ್ತು ಕುಳಿಗಳಿರುವ ಒಂದು ದಿಮ್ಮಿ. ಬೇರೆಬೇರೆ ಗಾತ್ರದ ಹತ್ತು ಗುಂಡುಗಳು. ಒಂದನ್ನು ತಪ್ಪು ಕುಳಿಯಲ್ಲಿಟ್ಟರೆ ಕೊನೆಗೆ ಒಂದು ಗುಂಡು ಹಿಡಿಸದೆ ಉಳಿಯುತ್ತದೆ. ತಪ್ಪಾಯಿತೆಂದು ಯಾರೂ ಹೇಳಬೇಕಾಗಿಲ್ಲ. ಮರವೇ ಹೇಳುತ್ತದೆ, ಮಗು ಮತ್ತೆ ಮೊದಲಿನಿಂದ ಜೋಡಿಸುತ್ತದೆ. 1939ರಲ್ಲಿ ಆಕೆ ಮದರಾಸಿನ ಅಡೆಯಾರಿಗೆ ಬಂದು, ಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದು ನೂರಾರು ಉಪಾಧ್ಯಾಯರಿಗೆ ಶಿಕ್ಷಣ ಕೊಟ್ಟರು. ಇಂದು ಬೆಂಗಳೂರಿನ ಬೀದಿಬೀದಿಯಲ್ಲಿಯೂ ಆಕೆಯ ಹೆಸರಿನ ಫಲಕ ಕಾಣುತ್ತದೆ. ಅವುಗಳಲ್ಲಿ ಕೆಲವು ಫಲಕಗಳ ಹಿಂದೆ ನಾಲ್ಕು ವರ್ಷದ ಮಗುವಿಗೆ ಪ್ರತಿ ತಿಂಗಳೂ ಬರಹದ ಟೆಸ್ಟು ನಡೆಯುತ್ತದೆಂಬುದನ್ನು ಆಕೆ ಕಂಡಿದ್ದರೆ ಏನೆನ್ನುತ್ತಿದ್ದರೋ.

ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ಹಾಗಾದರೆ ಕೈಕೆಲಸದ ಪರೀಕ್ಷೆಯೇ ಎಲ್ಲಕ್ಕೂ ಸಾಕೆ? ಸಾಲದು. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆ ಎರಡು ಪಕ್ಷದವರ ಕಣ್ಣನ್ನೂ ತೆರೆಸುವಂತಿದೆ. ನೊಬೆಲ್ ಪ್ರಶಸ್ತಿ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೊ ಮತ್ತು ಅವರ ಸಂಗಡಿಗರು ದೆಹಲಿ, ಕಲ್ಕತ್ತೆಗಳ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ 1,436 ಮಕ್ಕಳನ್ನು ಪರೀಕ್ಷಿಸಿದರು. ಇವರೆಲ್ಲ ಎಳೆಯ ಮಕ್ಕಳೇನಲ್ಲ. ಆದರೂ ವಿಷಯ ಇಲ್ಲಿಗೆ ಹೊಂದುತ್ತದೆ. ಆಲೂಗೆಡ್ಡೆ, ಈರುಳ್ಳಿಗಳ ಬೆಲೆ ಕೂಡಿ, ಕೊಟ್ಟ ನೋಟಿಗೆ ಚಿಲ್ಲರೆ ಎಣಿಸುವುದರಲ್ಲಿ ಅವರು ನಿಸ್ಸೀಮರು. ಕಾಗದ, ಪೆನ್ಸಿಲುಗಳೂ ಬೇಡ. ಅದೇ ಮಕ್ಕಳ ಮುಂದೆ ಶಾಲೆಯ ಪುಸ್ತಕದಲ್ಲಿರುವಂತೆ ಕಳೆಯುವ, ಭಾಗಿಸುವ ಲೆಕ್ಕವನ್ನು ಬರೆದಿಟ್ಟರೆ ಹೆಚ್ಚಿನವರು ಸೋತರು. ಶಾಲೆಗೆ ಹೋಗುವ, ವ್ಯಾಪಾರ ತಿಳಿಯದ ಮಕ್ಕಳನ್ನು ಸಂತೆಯ ಲೆಕ್ಕ ಕೇಳಿದಾಗ ಸೋಲುವ ಸರದಿ ಅವರದಾಯಿತು. ಬ್ರೆಜಿಲಿನ ರೆಸಿಫೆ ಪಟ್ಟಣದಲ್ಲಿ ಎಳನೀರು ಮಾರುವ ಹುಡುಗರ ವಿಷಯದಲ್ಲಿ ಇಂಥದೇ ಸಂಗತಿಯನ್ನು 1985ರಲ್ಲಿಯೇ ಬೇರೆ ಮೂವರು ವಿದ್ವಾಂಸರು ಕಂಡಿದ್ದರು. ಬೀದಿಯಲ್ಲಿ ನೂರಕ್ಕೆ 98ರಷ್ಟು ಸರಿಯಾಗಿ ಹೇಳಿದ ಹುಡುಗರು ಅವೇ ಅಂಕಿಗಳ ಬರಿಯ ಲೆಕ್ಕ ಕೊಟ್ಟಾಗ 37ಕ್ಕೆ ಇಳಿದರು.

ಬರಹದ ಪರೀಕ್ಷೆಯೊಂದನ್ನೇ ನಂಬಿದವರು ಮಾರುಕಟ್ಟೆಯ ಹುಡುಗನನ್ನು ದಡ್ಡನೆಂದು ಕರೆದುಬಿಡುತ್ತಾರೆ. ಕೈಕೆಲಸವನ್ನೇ ನೆಚ್ಚಿದವರು, ಅವನಿಗೆ ಬರಹದ ಲೆಕ್ಕ ಬಾರದೆಂಬ ದೊಡ್ಡ ಕೊರತೆಯನ್ನು ಮರೆಯುತ್ತಾರೆ. ಆ ಕೊರತೆಯಿಂದ ಅವನು ಜೀವಮಾನವೆಲ್ಲ ತಕ್ಕಡಿಯ ಹಿಂದೆಯೇ ನಿಲ್ಲಬೇಕಾದೀತು.

ಇನ್ನೊಂದು ಮಾತು, ಸ್ವಲ್ಪ ಕಹಿಯಾದುದು. ಮಗುವನ್ನು ಹತ್ತಿರದಿಂದ ನೋಡಿ ಅಳೆಯುವ ಮೇಷ್ಟರು ಮಗುವಿನ ಜಾತಿಯನ್ನೂ, ಅಂಗಿಯನ್ನೂ ನೋಡುತ್ತಾರೆ. ಹೆಸರು ಕಾಣದ, ಬರಿಯ ಸಂಖ್ಯೆಯ ಉತ್ತರಪತ್ರಿಕೆಗೆ ಆ ದೋಷವಿಲ್ಲ. ಸಾರ್ವತ್ರಿಕ ಪರೀಕ್ಷೆಯನ್ನು ಬಡವರು, ಹಿಂದುಳಿದವರು ಎಷ್ಟೋ ಸಲ ತಮ್ಮ ರಕ್ಷೆಯೆಂದು ಕಂಡದ್ದು ಸುಮ್ಮನೆ ಅಲ್ಲ. ರೇಮಾ ಹ್ಯಾನಾ, ಲೀ ಲಿಂಡನ್ ಎಂಬವರು ಭಾರತದ ಒಂದು ಪಟ್ಟಣದಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉತ್ತರಪತ್ರಿಕೆಗಳ ಮುಖಪುಟದ ಮೇಲೆ ಮನಬಂದಂತೆ ಬೇರೆಬೇರೆ ಜಾತಿಗಳನ್ನು ನಮೂದಿಸಿ ಉಪಾಧ್ಯಾಯರಿಗೆ ತಿದ್ದಲು ಕೊಟ್ಟರು. ಕೆಳಜಾತಿಯೆಂದು ಬರೆದಿದ್ದ ಪತ್ರಿಕೆಗಳಿಗೆ ಅಂಕ ಸ್ವಲ್ಪ ಕಡಿಮೆ ಬಂದಿತು. ವ್ಯತ್ಯಾಸ ಚಿಕ್ಕದು, ಆದರೆ ಇತ್ತು. ಕಾಗದದ ಮೇಲೆಯೇ ಹೀಗಾದರೆ, ಮುಖವನ್ನೇ ಕಂಡಾಗ ಏನಾದೀತೆಂಬ ಶಂಕೆಗೆ ಏಣಿಯ ಪಕ್ಷಪಾತಿಗಳು ಉತ್ತರ ಕೊಡಬೇಕಾಗಿದೆ. ನಲಿ-ಕಲಿಯಲ್ಲಿ ಪ್ರತಿ ಮೆಟ್ಟಿಲಿಗೂ ಗೊತ್ತಾದ ಕಾರ್ಡು, ಗೊತ್ತಾದ ಕೆಲಸ ಇರುವುದರಿಂದ ಮೇಷ್ಟರ ಮರ್ಜಿಗೆ ಸ್ವಲ್ಪ ಲಗಾಮು ಬಿದ್ದಿದೆ. ಪೂರ್ತಿ ಬಿದ್ದಿಲ್ಲ.

ಈ ಎರಡರ ನಡುವೆಯೂ ಒಂದು ದಾರಿಯುಂಟು. 'ಪ್ರಥಮ್' ಸಂಸ್ಥೆಯವರು 2005ರಿಂದ ನಡೆಸಿಕೊಂಡು ಬಂದಿರುವ 'ಅಸರ್' ಸಮೀಕ್ಷೆಯಲ್ಲಿ ಪ್ರಶ್ನೆಗಳು ಎಲ್ಲ ಮಕ್ಕಳಿಗೂ ಒಂದೇ ಮಟ್ಟದವು. ಆದರೆ ಸ್ವಯಂಸೇವಕ ಮನೆಯ ಜಗಲಿಗೇ ಹೋಗಿ, ಒಂದೇ ಒಂದು ಹಾಳೆಯನ್ನು ಮಗುವಿನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಾನೆ. ಅಕ್ಷರ, ಪದ, ಸುಲಭವಾದ ವಾಕ್ಯಗಳು, ಒಂದು ಪುಟ್ಟ ಕಥೆ. ಕೆಲವೇ ನಿಮಿಷಗಳ ಕೆಲಸ. ಐದನೆಯ ತರಗತಿಯ ಎಷ್ಟೋ ಮಕ್ಕಳು ಎರಡನೆಯ ತರಗತಿಯ ಕಥೆಯನ್ನು ಓದಲಾರರೆಂಬ ಸತ್ಯ ದೇಶಕ್ಕೆ ತಿಳಿದದ್ದು ಈ ಹಾಳೆಯಿಂದ. ಓದಲಾರದ ಮಗುವಿಗೆ ಬರಹದ ಪ್ರಶ್ನಪತ್ರಿಕೆ ಕೊಟ್ಟರೆ ಪ್ರಶ್ನೆಯನ್ನೇ ಓದಲಾರದಷ್ಟೆ!

ಮನೆಯಲ್ಲಿ ಕೇಳಬೇಕಾದುದು

ನಗರದ ಮನೆಗಳಲ್ಲಿ ಮೂರು ವರ್ಷದ ಮಗುವಿಗೂ 'ಇಂಟರ್‌ವ್ಯೂ' ತಪ್ಪಿದ್ದಲ್ಲ. ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಾಯ್ತಂದೆಯರನ್ನಾಗಲಿ ಪರೀಕ್ಷೆಗೆ ಒಳಪಡಿಸಕೂಡದೆಂದು ಶಿಕ್ಷಣದ ಹಕ್ಕಿನ ಕಾಯಿದೆಯ 13ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಮೊದಲನೆಯ ತಪ್ಪಿಗೆ 25,000 ರೂಪಾಯಿ, ಮುಂದಿನ ಪ್ರತಿ ತಪ್ಪಿಗೂ 50,000 ರೂಪಾಯಿಯ ತನಕ ದಂಡವುಂಟು. ಇದನ್ನು ಬಲ್ಲ ತಾಯ್ತಂದೆಯರೂ ಬಾಯಿ ಬಿಡುವುದಿಲ್ಲ. ಸೀಟು ಬೇಕಲ್ಲ! 2022ರಲ್ಲಿ ಪ್ರಕಟವಾದ, ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ ಇರುವ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಕೂಡ, ಆ ವಯಸ್ಸಿಗೆ ಟೆಸ್ಟು, ಪರೀಕ್ಷೆಗಳು ಸರ್ವಥಾ ಸಲ್ಲವೆಂದು ಹೇಳಿದೆ. ಮಗುವನ್ನು ಗಮನಿಸುವುದು, ಅದು ಮಾಡಿದ ಚಿತ್ರ, ಮಣ್ಣಿನ ಗೊಂಬೆ, ಬರೆದ ಹಾಳೆಗಳನ್ನು ಕೂಡಿಟ್ಟು ನೋಡುವುದು, ಇವೇ ದಾರಿಯೆಂದು ಅದರ ಸೂಚನೆ.

ಶಾಲೆಯಿಂದ ಪ್ರಗತಿಪತ್ರ ಬಂದ ದಿನ "ಎಷ್ಟು ಬಂತು?" ಎಂದು ಕೇಳುವುದು ತಂದೆಯ ವಾಡಿಕೆ. "ಎಷ್ಟನೆಯವಳು?" ಎಂಬುದು ಅಜ್ಜಿಯದು. ಶಾಲೆಯ ಉಪಾಧ್ಯಾಯಿನಿಯನ್ನು ಕಂಡಾಗ, "ನಮ್ಮ ಮಗಳು ಯಾವ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾಳೆ, ತಾಯಿ?" ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಉಪಾಧ್ಯಾಯಿನಿ ಮಗುವನ್ನು ನೋಡಿದ್ದಾರೆಂದು ಅರ್ಥ. ಹೇಳಲಾರದೆ ಅಂಕಗಳ ಪುಸ್ತಕವನ್ನು ತಿರುವಿದರೆ ನೋಡಿಲ್ಲವೆಂದು ಅರ್ಥ.

ಕಾನೂನಂತೂ ಬೇರೆ ದಿಕ್ಕಿನಲ್ಲಿ ಸಾಗಿದೆ. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ಬದಲಾಯಿಸಿತು. ಐದನೆಯ ತರಗತಿಯ ಮಗು ವರ್ಷಾಂತ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಎರಡು ತಿಂಗಳೊಳಗೆ ಮರುಪರೀಕ್ಷೆ; ಅದರಲ್ಲಿಯೂ ಆಗದಿದ್ದರೆ ಅದೇ ತರಗತಿಯಲ್ಲಿ ಉಳಿಸಬಹುದು. ಉಳಿಸಿದ ಮಗುವಿನ ಕೊರತೆ ಎಲ್ಲಿದೆಯೆಂದು ಹಂತಹಂತವಾಗಿ ಗುರುತಿಸಿ, ಮಗುವಿಗೂ ಅಗತ್ಯವಾದರೆ ತಾಯ್ತಂದೆಯರಿಗೂ ಮಾರ್ಗದರ್ಶನ ಮಾಡುವ ಹೊಣೆಯನ್ನು ತರಗತಿಯ ಉಪಾಧ್ಯಾಯರ ಮೇಲೆ ಅದೇ ನಿಯಮ ಹೊರಿಸಿದೆ. ಕಾಯಿದೆಯ ಅನುಸೂಚಿಯ ಪ್ರಕಾರ ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಉಪಾಧ್ಯಾಯರಿರಬೇಕು. ಒಂದೊಂದು ಮಗುವಿನ ಎದುರಿಗೆ ಕುಳಿತು, ಒಂದು ಕಥೆ ಓದಿಸಿ, ನಾಲ್ಕು ಲೆಕ್ಕ ಮಾಡಿಸಿ, "ಏಕೆ?" ಎಂದು ಕೇಳಲು 15 ನಿಮಿಷ ಬೇಕೆಂದು ಇಟ್ಟುಕೊಂಡರೂ 30 ಮಕ್ಕಳಿಗೆ ಏಳೂವರೆ ಗಂಟೆ. ಉಳಿದ ಮಕ್ಕಳು ಆ ಹೊತ್ತಿನಲ್ಲಿ ತಮ್ಮ ಪಾಡಿಗೆ ತಾವು ಕಲಿಯುತ್ತಿರಬೇಕು. ಹೆಗ್ಗಡದೇವನಕೋಟೆಯ ಉಪಾಧ್ಯಾಯರು 1995ರಲ್ಲಿ ಗೋಡೆಯ ಮೇಲೆ ಏಣಿಯನ್ನು ಬರೆದದ್ದು ಆ ಏಳೂವರೆ ಗಂಟೆಯನ್ನು ಸಂಪಾದಿಸಿಕೊಳ್ಳುವುದಕ್ಕೇ.